ಚಪ್ಪಾಳೆ ಬಾರದ ಉತ್ತರ

ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಮನುಷ್ಯನಿಗೆ ಪರರ ಮನಸ್ಸನ್ನು ಓದುವ ಶಕ್ತಿಯನ್ನು ದೇವರು ಏಕೆ ದಯಪಾಲಿಸಿದನೋ ಎಂದು ನಾನು ಬಹಳ ಕಾಲ ಬೆರಗಾಗಿದ್ದೆ. ದೇವರ ಲೆಕ್ಕ ನಮಗೆ ತಿಳಿಯದು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಂಥ ಶಕ್ತಿಯನ್ನು ಅವನು ಕೊಟ್ಟೇ ಇರಲಿಲ್ಲವೆಂಬುದು ನನಗೆ ತಿಳಿದದ್ದು ನನ್ನ ತಂಗಿ ತೀರಿಹೋದ ಮೇಲೆ.

ಆ ಮನುಷ್ಯರು ನನ್ನ ತಂಗಿಯ ಗಂಡ. ಅವರು ನನಗೆ ಭಾವ, ನಾನೂ ಅವರಿಗೆ ಭಾವ. ದೀಪ ಹೋದಾಗ ಮನೆಯಲ್ಲಿ ಒಬ್ಬರು “ಭಾವಾ” ಎಂದರೆ ಕರೆದವರು ಯಾರು, ಓಗೊಟ್ಟವರು ಯಾರು ತಿಳಿಯುತ್ತಿರಲಿಲ್ಲ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಿಂದ ನಿವೃತ್ತನಾದವನು. ಹೆಂಡತಿ ಮಕ್ಕಳೆಂಬ ಜಂಜಾಟ ಹಚ್ಚಿಕೊಳ್ಳದೆ, ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಪ್ರಾರ್ಥನೆ ಮಾಡಿಕೊಂಡು ಬಿದ್ದಿದ್ದೆ.

ಭಾವ ಬಸ್ ಡಿಪೋದಲ್ಲಿ ಕಳೆದ ಸಾಮಾನುಗಳ ಕೌಂಟರಿನಲ್ಲಿ ಕೂರುತ್ತಿದ್ದರು. ಬಸ್ಸಿನಲ್ಲಿ ಜನ ಮರೆತು ಬಿಟ್ಟುಹೋದದ್ದೆಲ್ಲ ಸಂಜೆಗೆ ಅವರ ಮುಂದೆ ಬಂದು ಬೀಳುತ್ತಿತ್ತು. ಮರೆಗುಳಿಗಳ ಸಾಮಾನು ಕಾಯಲು ಅವರೆಲ್ಲರಿಗಿಂತ ದೊಡ್ಡ ಮರೆಗುಳಿಯನ್ನು ನೇಮಿಸಿದ ಅಧಿಕಾರಿ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆಯನ್ನು ಗಾಢವಾಗಿ ನಂಬಿದವನಿರಬೇಕು. ಒಮ್ಮೆ ಒಬ್ಬ ಮುದುಕರು ತಮ್ಮ ಹಲ್ಲಿನ ಸೆಟ್ಟು ಕಳೆದಿದೆಯೆಂದು ಬಂದರು. ಭಾವ ಒಳಗಿನಿಂದ ಒಂದು ತಟ್ಟೆ ತುಂಬ ಹಲ್ಲಿನ ಸೆಟ್ಟು ತಂದು, “ಒಂದೊಂದಾಗಿ ಹಾಕ್ಕೊಂಡು ನೋಡಿ. ಯಾವುದು ಕಚ್ಚೋದಿಲ್ವೋ ಅದು ನಿಮ್ಮದು” ಎಂದರು. ಮುದುಕರು ಹಾಗೆಯೇ ಮಾಡಿ, ಮೊದಲಿದ್ದಕ್ಕಿಂತ ಒಳ್ಳೆಯದು ಸಿಕ್ಕಿತೆಂದು ಹರಸಿ ಹೋದರು. ನಿಜವಾದ ಯಜಮಾನ ಮಾರನೆಯ ದಿನ ಬಂದ. ಬಾಯಲ್ಲಿ ಹಲ್ಲಿಲ್ಲದಿದ್ದರಿಂದ ಅವನು ಬೈದದ್ದು ಯಾರಿಗೂ ಅರ್ಥವಾಗಲಿಲ್ಲ. ಭಾವನ ನೌಕರಿ ಉಳಿಯಿತು.

ಅವರು ಡಿಪೋದ ನಿಯಮವನ್ನು ಮಾತ್ರ ಎಂದೂ ಮರೆತವರಲ್ಲ. ಸಾಮಾನಿಗೆ ಸಂಬಂಧಪಟ್ಟವರು ಕಿಟಕಿಯ ಹೊರಗೆ ನಿಂತು ಕೇಳಬೇಕು, ಗುರುತು ಹೇಳಬೇಕು, ಆಮೇಲೆ ಒಳಗಿನವರು ಕೊಡಬೇಕು. ಅವರ ಸ್ವಂತ ಕೊಡೆಯ ವಿಷಯದಲ್ಲೂ ಇದೇ ಆಯಿತು. ಕೊಡೆ ಕಳೆಯದಿರಲಿ ಎಂದು ನನ್ನ ತಂಗಿ ಅದರ ಹಿಡಿಗೆ ಕೆಂಪು ದಾರವನ್ನು ಒತ್ತೊತ್ತಾಗಿ ಸುತ್ತಿ ಕೊಟ್ಟಳು. ಭಾವ ಅದನ್ನು ಮಾರನೆಯ ದಿನವೇ ಬಸ್ಸಿನಲ್ಲಿ ಬಿಟ್ಟಿಳಿದರು. ಕೊಡೆ ಸಂಜೆ ಅವರ ಕೌಂಟರಿಗೇ ಬಂತು. ಅವರು ಅದನ್ನು ಹಲಗೆಯ ಮೇಲಿಟ್ಟು, ಸಂಜೆಬಿಸಿಲಲ್ಲಿ ಬರಿತಲೆಯಲ್ಲಿ ಮನೆಗೆ ಬಂದರು.

“ನಿಮ್ಮ ಕೊಡೆ ನಿಮ್ಮ ಕೈಗೇ ಬಂತಲ್ರೀ, ತರೋದಲ್ವಾ?” ಎಂದಳು ತಂಗಿ.

“ಹೊರಗೆ ನಿಂತು ಯಾರೂ ಕೇಳಲಿಲ್ಲ.”

“ನೀವೇ ಹೊರಗೆ ಹೋಗಿ ಕೇಳಿ, ಒಳಗೆ ಬಂದು ಕೊಡಿ.”

“ನಾನು ಹೊರಗೆ ಹೋದ್ರೆ ಒಳಗೆ ಕೊಡೋರು ಯಾರಿರ್ತಾರೆ?”

ನನ್ನ ತಂಗಿ ನಕ್ಕು ನಕ್ಕು ಗೋಡೆಗೆ ಒರಗಿದಳು. “ಆಯ್ತು ಮಹರಾಯ್ರೇ. ನಾನೇ ಒಂದಿನ ಬಂದು ಕೇಳ್ತೀನಿ. ಗುರುತು ಹೇಳು ಅಂತ ನನ್ನನ್ನ ಸತಾಯಿಸ್ಬೇಡಿ ಮತ್ತೆ” ಎಂದಳು.

ಇನ್ನು ಮನಸ್ಸು ಓದುವ ಆಟದ ವಿಷಯ. ಡಿಪೋದವರ ವಾರ್ಷಿಕ ಕೂಟದಲ್ಲಿ ಪ್ರತಿವರ್ಷ ಗಂಡಹೆಂಡಿರು ಈ ಆಟ ಆಡುತ್ತಿದ್ದರು. ಭಾವ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರುವುದು, ತಂಗಿ ಜನರ ನಡುವೆ ನಿಂತು ಒಂದೊಂದು ವಸ್ತುವನ್ನು ಎತ್ತಿ ಹಿಡಿದು ಇದೇನೆಂದು ಕೇಳುವುದು, ಭಾವ ಹೇಳುವುದು. ಪ್ರಶ್ನೆ ಕೇಳುವ ರೀತಿಯಲ್ಲೇ ಉತ್ತರ ಅಡಗಿರುವಂತೆ ತಂಗಿ ಒಂದು ಗುಟ್ಟಿನ ಕ್ರಮ ಹೂಡಿದ್ದಳು. ‘ಬೇಗ ಹೇಳಿ’ ಎಂದರೆ ಗಡಿಯಾರ. ‘ಯೋಚಿಸಿ ಹೇಳಿ’ ಎಂದರೆ ಬೀಗದ ಕೈ. ‘ಎಲ್ಲರೂ ನೋಡುತ್ತಿದ್ದಾರೆ’ ಎಂದರೆ ಬಾಚಣಿಗೆ. ಕೂಟ ಹತ್ತಿರ ಬಂದಂತೆ ಅಡುಗೆಮನೆಯಲ್ಲಿ ಅಭ್ಯಾಸ ನಡೆಯುತ್ತಿತ್ತು.

“ಬೇಗ ಹೇಳಿ, ಇದೇನು?”

“ಬಾಚಣಿಗೆ.”

“ಬೇಗ ಅಂದ್ರೆ ಗಡಿಯಾರ ಅಲ್ವೇನ್ರೀ? ಬೇಗಕ್ಕೂ ಬಾಚಣಿಗೆಗೂ ಏನು ಸಂಬಂಧ?”

“ಬೇಗ ಹೊರಡ್ಬೇಕು ಅಂದ್ರೆ ಬೇಗ ತಲೆ ಬಾಚ್ಕೋಬೇಕಲ್ಲ?”

ಈ ಅಭ್ಯಾಸವನ್ನು ಕೇಳಿದ ಯಾರಿಗೂ ಈ ಮನುಷ್ಯ ವೇದಿಕೆಯ ಮೇಲೆ ಮಾನ ಕಳೆದುಕೊಳ್ಳುವುದು ಖಂಡಿತ ಅನ್ನಿಸುತ್ತಿತ್ತು. ಆದರೆ ಕೂಟದಿಂದ ಇಬ್ಬರೂ ಬೀಗುತ್ತ ಮನೆಗೆ ಬರುತ್ತಿದ್ದರು. ಒಂದೂ ತಪ್ಪಿಲ್ಲ! ಚಪ್ಪಾಳೆಗೆ ತಗಡಿನ ಮಾಡು ಅದುರಿತಂತೆ! ಕ್ರಮ ನೆನಪಿರದವರಿಗೆ ಇದು ದೇವರು ಕೊಟ್ಟ ಶಕ್ತಿಯಲ್ಲದೆ ಮತ್ತೇನು ಎಂದುಕೊಂಡೆ. ಆದರೂ ನಾನು ಆ ಕೂಟಕ್ಕೆ ಹೋದವನಲ್ಲ. ಮರೆಮೋಸದ ಆಟ ಎಂದರೆ ಅದೂ ಒಂದು ಬಗೆಯ ಸುಳ್ಳೇ ಎಂದು ನನ್ನ ಎಣಿಕೆ. ನಾನು ಸುಳ್ಳಿನಿಂದ ದೂರ ಇದ್ದವನು. “ಅಣ್ಣನ ಎದುರಿಗೆ ಗಡಿಯಾರ ಕೂಡ ಮುಂದೆ ಓಡಕ್ಕೆ ಹೆದರತ್ತೆ” ಎಂದು ತಂಗಿ ಹಾಸ್ಯ ಮಾಡುತ್ತಿದ್ದಳು.

ಒಂದು ವರ್ಷ ಬೇಸಿಗೆ ಮುಗಿಯುವ ಮುನ್ನ ಅವಳು ಜ್ವರದಿಂದ ಮಲಗಿದಳು, ಮತ್ತೆ ಏಳಲಿಲ್ಲ. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅದನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ನಗೆಯ ಕಥೆ ಹೇಳಲು ಕುಳಿತವನು ನಾನು.

ಮನೆಯಲ್ಲಿ ಇಬ್ಬರು ಮುದಿ ಗಂಡಸರು ಉಳಿದೆವು. ಯಾವುದು ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಉಪ್ಪು ಎಲ್ಲಿಟ್ಟಿದ್ದೀಯೇ?” ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತು ಕಿವಿಗೊಡುತ್ತಿದ್ದರು. ಆಮೇಲೆ, ಸಂದೇಹವೇ ಇಲ್ಲದವರಂತೆ ನೇರವಾಗಿ ಹೋಗಿ ಒಂದು ಡಬ್ಬ ತೆಗೆದು, ಅದರಿಂದ ಒಂದು ಚಮಚ ಪಾತ್ರೆಗೆ ಸುರಿಯುತ್ತಿದ್ದರು. ಅದು ಸಕ್ಕರೆ. ಬೇಯಿಸಿದ ಕಾಳನ್ನು ಸಕ್ಕರೆ ಸಮೇತ ನಾವು ಬಹಳ ದಿನ ಉಂಡೆವು. “ಇವತ್ತು ಉಪ್ಪು ಸರಿಯಾಗಿದೆಯಾ ಭಾವ?” ಎಂದು ಅವರು ಕೇಳಿದರೆ, ಸುಳ್ಳಾಡದ ನಾನು, “ಉಪ್ಪು ಹೆಚ್ಚಾಗಿಲ್ಲ” ಎನ್ನುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಡಿಪೋದಿಂದ ಇಬ್ಬರು ನನ್ನನ್ನು ನೋಡಲು ಬಂದರು. ಒಬ್ಬರು ಪಕ್ಕದ ಮನೆಯಲ್ಲೇ ಇದ್ದ ಟೈಪಿಸ್ಟಮ್ಮ. ಇನ್ನೊಬ್ಬ ಒಬ್ಬ ದಪ್ಪ ಕಂಡಕ್ಟರು. ಅವನ ಹೆಸರು ಅವನ ತಾಯಿಗಾದರೂ ನೆನಪಿತ್ತೋ ಇಲ್ಲವೋ, ಎಲ್ಲರಿಗೂ ಅವನು ಸೀಟಿ. ಭಾವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಬಂದವರು ಕಳ್ಳರ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಕುಳಿತರು.

“ದೊಡ್ಡಣ್ಣಾ, ಕೌಂಟರಪ್ಪನನ್ನ ನೀವೇ ತಡೀಬೇಕು” ಎಂದರು ಟೈಪಿಸ್ಟಮ್ಮ. ಡಿಪೋದಲ್ಲಿ ಭಾವನಿಗೆ ಕೌಂಟರಪ್ಪ ಎಂದೇ ಹೆಸರು. “ಈ ಸಲ ಅಕ್ಕ ಇಲ್ಲ, ಆಟ ಬೇಡ ಅಂತ ನಾವೆಲ್ಲ ಸುಮ್ನಿದ್ವಿ. ಇವರೇ ಹೊಸ ಮ್ಯಾನೇಜರ ಹತ್ರ ಹೋಗಿ, ನಾನು ಆಡೇ ಆಡ್ತೀನಿ ಅಂತ ಹೇಳಿ ಬಂದಿದ್ದಾರೆ. ಅವನೋ ಮೊನ್ನೆ ವರ್ಗವಾಗಿ ಬಂದವನು, ಏನೂ ಗೊತ್ತಿಲ್ಲ. ಮೇಲಿನ ಆಫೀಸಿಂದ ದೊಡ್ಡ ಸಾಹೇಬ್ರನ್ನ ಕರೆಸಿದ್ದಾನೆ, ನಮ್ಮಲ್ಲಿ ಮನಸ್ಸು ಓದೋರಿದ್ದಾರೆ ಅಂತ ಹೇಳಿ!”

“ಅಭ್ಯಾಸ ಇರೋರು, ಆಡಲಿ ಬಿಡಿ” ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

“ದೊಡ್ಡಣ್ಣಂಗೆ ಗೊತ್ತಿಲ್ವಾ?” ಎಂದ ಸೀಟಿ. “ಅವರು ಇಷ್ಟು ವರ್ಷದಲ್ಲಿ ಒಂದೂ ಸರಿ ಹೇಳಿಲ್ಲ.”

“ಅಂದ್ರೆ?”

“ಅಂದ್ರೆ ಒಂದೂ ಅಂದ್ರೆ ಒಂದೂ. ಅಕ್ಕ ಬಾಚಣಿಗೆ ಹಿಡಿದ್ರೆ ಇವರು ಏಣಿ ಅಂದ್ರು. ಬೀಗದ ಕೈ ಹಿಡಿದ್ರೆ ಕುಂಬಳಕಾಯಿ. ಒಂದ್ಸಲ ಬರೀ ಬಳೆ ಹಿಡಿದಿದ್ರು, ಇವರು ಎದ್ದು ನಿಂತು, ‘ಇದಕ್ಕೆ ಜೀವ ಇದೆ’ ಅಂದ್ರು!”

“ಮತ್ತೆ ಚಪ್ಪಾಳೆ?”

“ಅದು ಅಕ್ಕನ ಕಟ್ಟಪ್ಪಣೆ” ಎಂದರು ಟೈಪಿಸ್ಟಮ್ಮ. “ಮೊದಲನೇ ವರ್ಷ, ಇವರು ಮೊದಲನೇ ಉತ್ತರವೇ ತಪ್ಪು ಹೇಳಿದ್ರು. ಜನ ಇನ್ನೇನು ನಗ್ಬೇಕು, ಅಷ್ಟರಲ್ಲಿ ಅಕ್ಕ ಎಡಗೈಯಲ್ಲಿ ಕರವಸ್ತ್ರ ಎತ್ತಿ ಬೀಸಿ, ನಮ್ಮೆಲ್ಲರ ಕಡೆ ಒಂದು ನೋಟ ನೋಡಿದ್ರು. ನೀವು ಆ ನೋಟ ನೋಡಿದ್ದೀರಲ್ಲ? ನಾವು ಬಾಯಿ ಮುಚ್ಚಿಕೊಂಡು ಚಪ್ಪಾಳೆ ಹೊಡೆದ್ವಿ. ಆವತ್ತಿಂದ ಅದೇ ಪದ್ಧತಿ. ಕರವಸ್ತ್ರ ಎತ್ತಿದ್ರೆ ಚಪ್ಪಾಳೆ. ಹೊಸಬರು ಕೆಲಸಕ್ಕೆ ಸೇರಿದ್ರೆ ಮೊದಲು ಇದನ್ನ ಹೇಳಿಕೊಡ್ತೀವಿ, ಆಮೇಲೆ ಟಿಕೆಟ್ ಹರಿಯೋದು.”

ಕಣ್ಣು ಕಟ್ಟಿಕೊಂಡು ಕುಳಿತ ಒಬ್ಬ ಮನುಷ್ಯ, ಅವನ ಎದುರಿಗೆ ಬಾವುಟದಂತೆ ಕರವಸ್ತ್ರ ಬೀಸುತ್ತ ನಿಂತ ನನ್ನ ತಂಗಿ, ಬೀಗದ ಕೈಯನ್ನು ಕುಂಬಳಕಾಯಿ ಎಂದು ಒಪ್ಪಿಕೊಂಡ ಇಡೀ ಡಿಪೋ. ನಾನು ಸುಳ್ಳಿಗೆ ಹೆದರಿ ದೂರ ಉಳಿದ ಕೂಟದಲ್ಲಿ ಪ್ರತಿವರ್ಷ ನಡೆದದ್ದು ಇದು.

“ಈ ಸಲ ವಸ್ತು ಹಿಡಿಯೋದು ನೀವೇ ಅಂತೆ” ಎಂದ ಸೀಟಿ. “ಒಡಹುಟ್ಟಿದ ಅಣ್ಣನ ಕೈಯಾದ್ರೆ ಸರಿ ಅಂತ ಕೌಂಟರಪ್ಪ ಹೇಳ್ತಿದ್ರು. ಒಂದೋ ಆಟ ನಿಲ್ಲಿಸಿ. ಇಲ್ಲ, ಕರವಸ್ತ್ರ ಎತ್ತಿ.”

“ನಾನು ಸುಳ್ಳು ಹೇಳೋದಿಲ್ಲ.”

“ಬಾಯಿಬಿಟ್ಟು ಹೇಳ್ಬೇಡಿ. ಬರೀ ಕರವಸ್ತ್ರ ಎತ್ತೋದು ಸುಳ್ಳಾಗತ್ತಾ? ಸೆಕೆ ಅಂದ್ಕೊಳ್ಳಿ.”

ಅವರು ಹೋದ ಮೇಲೆ ನಿಜವನ್ನು ಹೇಳಿಬಿಡುವುದೇ ಧರ್ಮ ಎಂದು ತೀರ್ಮಾನಿಸಿ ಹಿತ್ತಲಿಗೆ ಹೋದೆ. ಭಾವ ನನ್ನ ಪಂಚೆಯನ್ನು ಹಿಂಡುತ್ತಿದ್ದರು. ಒಂದು ತುದಿ ನನ್ನ ಕೈಗೆ ಕೊಟ್ಟು, “ಹಿಡೀರಿ ಭಾವ” ಎಂದರು. ಇಬ್ಬರೂ ಎರಡು ಕಡೆಯಿಂದ ಹಿಂಡತೊಡಗಿದೆವು. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತು ತೆಗೆದರು.

“ನಿಮಗೊಂದು ಗುಟ್ಟು ಹೇಳ್ಬೇಕು ಭಾವ. ನಿಮ್ಮ ತಂಗಿಗೂ ಹೇಳಿರಲಿಲ್ಲ. ಅವಳು ಮಾಡಿದ್ದಳಲ್ಲ ಆ ಕ್ರಮ, ಬೇಗ ಅಂದ್ರೆ ಏನೋ, ಯೋಚಿಸಿ ಅಂದ್ರೆ ಏನೋ, ಅದು ನಂಗೆ ಮೊದಲನೇ ವರ್ಷ ವೇದಿಕೆ ಹತ್ತಿದ ಕೂಡ್ಲೇ ಮರೆತುಹೋಯ್ತು.”

“ಹಾಗಾ?” ಎಂದೆ.

“ಕಣ್ಣಿಗೆ ಬಟ್ಟೆ, ಎದೆ ಡವಡವ. ಏನು ಮಾಡೋದು? ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಚಪ್ಪಾಳೆ! ಇನ್ನೊಂದು ಕೇಳಿದಳು, ಮತ್ತೆ ಬಾಯಿಗೆ ಬಂದದ್ದು ಹೇಳಿದೆ. ಮತ್ತೆ ಚಪ್ಪಾಳೆ! ಆವತ್ತು ನಂಗೆ ಗೊತ್ತಾಯ್ತು ಭಾವ. ಕ್ರಮಗಿಮ ಎಲ್ಲ ಸುಳ್ಳು. ಅವಳ ಮನಸ್ಸಲ್ಲಿ ಇದ್ದದ್ದು ನೇರವಾಗಿ ನನ್ನ ಬಾಯಿಗೆ ಬರ್ತಿತ್ತು. ಅವಳು ಕಷ್ಟಪಟ್ಟು ಮಾಡಿದ ಕ್ರಮ, ಬೇಜಾರಾಗ್ಬಾರ್ದು ಅಂತ ನಾನು ಹೇಳಲಿಲ್ಲ ಅಷ್ಟೇ.”

ಪಂಚೆಯಿಂದ ನೀರು ಸುರಿಯುವುದು ನಿಂತು ಬಹಳ ಹೊತ್ತಾಗಿತ್ತು. ಇಬ್ಬರೂ ಹಿಂಡುತ್ತಲೇ ಇದ್ದೆವು.

“ಅದಕ್ಕೇ ಈ ಸಲ ಆಡ್ಬೇಕು. ಉತ್ತರ ಬಂದ್ರೆ, ಅವಳು ಎಲ್ಲೋ ಇದ್ದಾಳೆ ಅಂತ. ಬರದಿದ್ರೆ ಇಲ್ಲ ಅಂತ. ಎರಡರಲ್ಲಿ ಒಂದು ಗೊತ್ತಾಗಿಬಿಟ್ರೆ ಸಾಕು ನಂಗೆ.”

“ದೇವರನ್ನ ಪರೀಕ್ಷೆ ಮಾಡ್ಬಾರ್ದು ಭಾವ.”

“ದೇವರನ್ನಲ್ಲ ಭಾವ. ನನ್ನ ಹೆಂಡತಿಯನ್ನ.”

ಧರ್ಮವನ್ನು ಹೇಳಲು ಹೋದವನು ಹರಿದ ಪಂಚೆಯನ್ನು ಹಿಡಿದುಕೊಂಡು ಒಳಗೆ ಬಂದೆ. ಆ ದಿನ ಪ್ರಾರ್ಥನೆಯಲ್ಲಿ, ಒಂದು ಕರವಸ್ತ್ರವನ್ನು ಎತ್ತಬಹುದೇ ಎಂದು ದೇವರನ್ನು ಕೇಳಿದೆ. ಅವನು ಏನೂ ಹೇಳಲಿಲ್ಲ. ಮೌನವೆಂದರೆ ಒಪ್ಪಿಗೆ ಎಂದುಕೊಂಡು ತಂಗಿಯ ಪೆಟ್ಟಿಗೆಯಿಂದ ಅವಳ ಕರವಸ್ತ್ರವನ್ನು ತೆಗೆದಿಟ್ಟೆ.

ಕೂಟ ನಡೆದದ್ದು ಬಸ್ಸುಗಳನ್ನು ತೊಳೆಯುವ ದೊಡ್ಡ ಷೆಡ್ಡಿನಲ್ಲಿ. ಬಸ್ಸುಗಳನ್ನು ಹೊರಗೆ ನಿಲ್ಲಿಸಿ, ನೆಲದ ಎಣ್ಣೆಯ ಮೇಲೆ ಮರಳು ಚೆಲ್ಲಿ, ಪ್ರಯಾಣಿಕರ ಬೆಂಚುಗಳನ್ನು ತಂದು ಹಾಕಿದ್ದರು. ಎರಡು ಮೇಜು ಜೋಡಿಸಿದ್ದೇ ವೇದಿಕೆ. ವೇದಿಕೆಯ ಬೆನ್ನಿಗೇ ಭಾವನ ಕೌಂಟರಿನ ಬಾಗಿಲು. ಸೀಟಿ ಒಳಗೆ ಹೋಗಿ ಹಲಗೆಗಳಿಂದ ಕೈಗೆ ಸಿಕ್ಕ ನಾಲ್ಕು ಸಾಮಾನುಗಳನ್ನು ಒಂದು ದೊಡ್ಡ ತಟ್ಟೆಗೆ ಹಾಕಿ, ಮೇಲೆ ಟವಲು ಮುಚ್ಚಿ ತಂದ. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು. ಅವರ ಪಕ್ಕದಲ್ಲಿ, ಕುರ್ಚಿಯ ಅಂಚಿನಲ್ಲಿ ಮಾತ್ರ ಕುಳಿತ ಹೊಸ ಮ್ಯಾನೇಜರು. ಭಾವನನ್ನು ಬಿಟ್ಟರೆ ಇಡೀ ಷೆಡ್ಡಿನಲ್ಲಿ ಕರವಸ್ತ್ರದ ಪದ್ಧತಿ ತಿಳಿಯದವರು ಅವರಿಬ್ಬರೇ.

“ಕೊನೇ ವಸ್ತುವಿಗೆ ಅಕ್ಕ ಯಾವ ಕ್ರಮವನ್ನೂ ಬಳಸ್ತಿರಲಿಲ್ಲ” ಎಂದು ಟೈಪಿಸ್ಟಮ್ಮ ನನ್ನ ಕಿವಿಯಲ್ಲಿ ಹೇಳಿದರು. “‘ಕೊನೇದು, ಇದು ನಿಮಗೇ ಗೊತ್ತು’ ಅಂತ ಮಾತ್ರ ಕೇಳೋರು. ನೀವೂ ಹಾಗೇ ಕೇಳಿ.”

ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಗುಂಡಿಗಳು ಒಂದೊಂದು ತೂತು ಕೆಳಗಿಳಿದಿದ್ದವು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದರು. ನಾನು ತಟ್ಟೆಗೆ ಕೈ ಹಾಕಿದೆ. ಮಗುವಿನ ಒಂಟಿ ಬೂಟು ಬಂತು.

“ಭಾವ, ಇದೇನು?”

ಭಾವ ತಲೆಯನ್ನು ಸ್ವಲ್ಪ ಓರೆ ಮಾಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದಂತೆಯೇ.

“ಹೂಜಿ” ಎಂದರು.

ಕೈ ತಾನಾಗಿ ಎದ್ದಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ನಾನೇ ಎತ್ತಿದೆ. ಸೀಟಿ ಊದಿದ. ಚಪ್ಪಾಳೆಗೆ ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು.

ಸಾಹೇಬರು ಮ್ಯಾನೇಜರ ಕಡೆ ಬಾಗಿದರು. “ಅದು ಬೂಟಲ್ವೇನ್ರೀ?”

ಮ್ಯಾನೇಜರು ಹಿಂದೆ ತಿರುಗಿ ನೋಡಿದರು. ಡ್ರೈವರುಗಳು, ಕಂಡಕ್ಟರುಗಳು, ಕಸ ಗುಡಿಸುವವರು, ಲೆಕ್ಕದವರು, ಅವರ ಮನೆಯವರು, ಎಲ್ಲರೂ ಕೈ ಕೆಂಪಾಗುವಂತೆ ತಟ್ಟುತ್ತಿದ್ದರು.

“ಈ ಕಡೆಯಿಂದ ನೋಡಿದ್ರೆ ಬೂಟಿನ ಹಾಗೇ ಕಾಣ್ಸುತ್ತೆ ಸರ್.”

“ಆ ಕಡೆಯಿಂದ?”

“ಹೂಜಿನೇ ಇರ್ಬೇಕು ಸರ್. ಇಷ್ಟು ಜನಕ್ಕೆ ಕಂಡಿದೆ.”

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಎರಡು ಬೆರಳಿನಿಂದ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಎರಡನೆಯದು ಕಾಫಿಯ ಫ್ಲಾಸ್ಕು. ಭಾವ ಈ ಸಲ ತಡಮಾಡಲಿಲ್ಲ. “ಹಾರ್ಮೋನಿಯಂ” ಎಂದರು. ಕರವಸ್ತ್ರ ಎದ್ದಿತು. ಮೂರನೆಯದು ಒಂದು ಪಾದರಕ್ಷೆ. ಅದು ಭಾವನ ಬಾಯಲ್ಲಿ “ಗಿಣಿ” ಆಯಿತು, ಜನ ಅದನ್ನೂ ಹಾರಿಸಿಬಿಟ್ಟರು. ಭಾವನ ಮುಖ ಅರಳತೊಡಗಿತು. ಅವಳು ಹೋದ ಮೇಲೆ ಆ ಮುಖದಲ್ಲಿ ನಾನು ಕಾಣದೇ ಇದ್ದ ಒಂದು ಬೆಳಕು ಬರುತ್ತಿತ್ತು. ಸುಳ್ಳಿನ ಫಲ ಇಷ್ಟು ಸುಂದರವಾಗಿರುತ್ತದೆಂದು ಯಾವ ಹಿರಿಯರೂ ನನಗೆ ಎಚ್ಚರಿಕೆ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಸಾಹೇಬರಿಗೆ ತಡೆಯಲಾಗಲಿಲ್ಲ. ಎದ್ದು ನಿಂತರು. “ನಾನೇ ಒಂದು ಪ್ರಶ್ನೆ ಕೇಳ್ತೀನಿ. ನನ್ನ ಜೇಬಿನಲ್ಲಿ ಏನಿದೆ, ಹೇಳಿ ನೋಡೋಣ.”

ಸೀಟಿ ನನ್ನ ಕಡೆ ನೋಡಿದ. ನಾನು ದೇವರ ಕಡೆ ನೋಡಿದೆ.

“ಹಸಿಮೆಣಸಿನಕಾಯಿ” ಎಂದರು ಭಾವ ಗಂಭೀರವಾಗಿ.

ಸಾಹೇಬರು ಜೇಬಿನಿಂದ ತೆಗೆದದ್ದು ಮಡಿಸಿದ ಕಾಗದಗಳ ಒಂದು ಕಟ್ಟು. ಆ ದಿನ ಅವರು ಮಾಡಬೇಕಾಗಿದ್ದ ಭಾಷಣ. ನಾನು ಕರವಸ್ತ್ರ ಎತ್ತಿಬಿಟ್ಟೆ. ಷೆಡ್ಡು ಗುಡುಗಿತು. ಸಾಹೇಬರು ಕಾಗದವನ್ನು ನೋಡಿದರು, ಜನರನ್ನು ನೋಡಿದರು. ಮ್ಯಾನೇಜರ ಹಣೆಯಲ್ಲಿ ಬೆವರು. ನೌಕರಿ ಹೋಗುವ ಹೊತ್ತಿನಲ್ಲಿ ಮನುಷ್ಯನಿಗೆ ಎಲ್ಲಿಂದ ಬುದ್ಧಿ ಬರುತ್ತದೋ!

“ತಮ್ಮ ಭಾಷಣ ತುಂಬಾ ಖಾರವಾಗಿದೆ ಅಂತ ಸೂಕ್ಷ್ಮವಾಗಿ ಹೇಳ್ತಿದ್ದಾರೆ ಸರ್.”

“ಹೌದಾ?” ಸಾಹೇಬರು ಮೀಸೆಯನ್ನು ಸವರಿಕೊಂಡರು. “ಖಾರವಾಗಿರ್ಲಿ ಅಂತಲೇ ಬರೆದದ್ದು. ಪರವಾಗಿಲ್ಲ, ಈ ಮನುಷ್ಯನಿಗೆ ಏನೋ ಇದೆ.”

ಅವರು ಕುಳಿತರು. ತಟ್ಟೆಯಲ್ಲಿ ಉಳಿದದ್ದು ಒಂದೇ ವಸ್ತು. ಟವಲಿನ ಅಡಿಯಲ್ಲಿ ಉದ್ದಕ್ಕೆ ಮಲಗಿತ್ತು. ತೆಗೆದೆ. ಕೊಡೆ. ಅದರ ಹಿಡಿ ನನ್ನ ಅಂಗೈಗೆ ಒರಟಾಗಿ ತಾಗಿತು. ಕೆಳಗೆ ನೋಡಿದರೆ, ಒತ್ತೊತ್ತಾಗಿ ಸುತ್ತಿದ ಕೆಂಪು ದಾರ. ತುದಿಯಲ್ಲಿ ಅವಳು ಹಲ್ಲಿನಿಂದ ಕಡಿದ ಗಂಟು. ಸೀಟಿಗೆ ಅದು ಯಾರದೆಂದು ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ತಂದಿದ್ದ.

ಕೊಡೆಯನ್ನು ಎತ್ತಿ ಹಿಡಿದು ಕೇಳಿದೆ. “ಕೊನೇದು ಭಾವ. ಇದು ನಿಮಗೇ ಗೊತ್ತು.”

ಭಾವ ಮತ್ತೆ ತಲೆಯನ್ನು ಓರೆ ಮಾಡಿದರು. ಆಮೇಲೆ ಅವರ ತುಟಿ ಸಣ್ಣಗೆ ನಕ್ಕಿತು.

“ಕೊಡೆ” ಎಂದರು. “ನಮ್ಮದೇ. ಹಿಡಿಗೆ ಕೆಂಪು ದಾರ ಇದೆ. ಅವಳು ಸುತ್ತಿದ್ದು.”

ಚಪ್ಪಾಳೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಅಲ್ಲಿದ್ದವರಿಗೆ ತಪ್ಪು ಉತ್ತರಕ್ಕೆ ಏನು ಮಾಡಬೇಕೆಂಬುದು ಚೆನ್ನಾಗಿ ಅಭ್ಯಾಸವಾಗಿತ್ತು. ಸರಿಯುತ್ತರಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸೀಟಿಯ ಬಾಯಲ್ಲಿ ಸೀಟಿ ಹಾಗೇ ಇತ್ತು, ಊದಲು ಮರೆತಿದ್ದ. ಟೈಪಿಸ್ಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಎಲ್ಲರ ಕಣ್ಣೂ ಕೊಡೆಯ ಮೇಲೆ. ನನ್ನ ಎಡಗೈ ಎಲ್ಲಿದೆ, ಅದರಲ್ಲಿ ಏನಿದೆ ಎಂಬುದೇ ನನಗೆ ಮರೆತುಹೋಗಿತ್ತು. ಷೆಡ್ಡಿನ ಮೂಲೆಯ ನಲ್ಲಿಯಿಂದ ಹನಿ ಬೀಳುವುದು ಕೇಳುತ್ತಿತ್ತು.

ಭಾವ ಕಿವಿಯನ್ನು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ನಗು ಮೆಲ್ಲಗೆ ಇಳಿಯಿತು.

“ತಪ್ಪಾಯ್ತಾ?” ಎಂದರು.

ಆಗ ನನಗೆ ಎಚ್ಚರವಾಯಿತು. ಕರವಸ್ತ್ರವನ್ನು ಹುಚ್ಚನಂತೆ ಬೀಸಿದೆ. ಯಾರೂ ಅದನ್ನು ನೋಡಲಿಲ್ಲ. “ಸರಿ! ಭಾವ, ಸರಿಯಾಗಿದೆ!” ಎಂದು ಕೂಗಿದೆ. ನನ್ನ ಧ್ವನಿ ಒಡೆದು ಹೋಯಿತು. ಅಲ್ಲೊಂದು ಇಲ್ಲೊಂದು ಚಪ್ಪಾಳೆ ಕೇಳಿಸಿ, ಆಮೇಲೆ ಎಲ್ಲರೂ ತಟ್ಟತೊಡಗಿದರು. ಹೊತ್ತು ಮೀರಿ ಬಂದ ನೆಂಟರಂತೆ, ಅಳುಕುತ್ತ.

ಭಾವ ಕಣ್ಣಿನ ಬಟ್ಟೆಯನ್ನು ಬಿಚ್ಚಿದರು. ನನ್ನ ಕೈಯ ಕೊಡೆಯನ್ನು ನೋಡಿದರು. ತಮ್ಮ ಬೆನ್ನ ಹಿಂದೆ ತೆರೆದೇ ಇದ್ದ ಕೌಂಟರಿನ ಬಾಗಿಲನ್ನು ನೋಡಿದರು. ಆಮೇಲೆ ಸೀಟಿಯನ್ನು.

“ನಾನು ಹೇಳಿದ ಮೇಲೆ ಒಳಗಿಂದ ತಂದುಕೊಟ್ಯಾ?” ಎಂದು ಮೆಲ್ಲಗೆ ಕೇಳಿದರು.

“ಇಲ್ಲ ಕೌಂಟರಪ್ಪಾ! ದೇವರಾಣೆ! ಮೊದಲೇ ತಟ್ಟೆಯಲ್ಲಿತ್ತು!”

“ಇರ್ಲಿ ಬಿಡು. ಒಳ್ಳೇ ಮನಸ್ಸಿಂದ ಮಾಡಿದ್ದೀಯ.”

ಮುಂದಿನ ಸಾಲಿನಲ್ಲಿ ಸಾಹೇಬರು ಮ್ಯಾನೇಜರಿಗೆ ಹೇಳುತ್ತಿದ್ದರು: “ಪಾಪ, ಕೊನೇದೊಂದು ತಪ್ಪಾಯ್ತು, ಯಾರೂ ಚಪ್ಪಾಳೆನೇ ಹೊಡೀಲಿಲ್ಲ. ನನಗೇನೋ ಅದು ಕೊಡೆಯ ಹಾಗೇ ಕಾಣಿಸ್ತು ಕಣ್ರೀ. ನಾಳೆನೇ ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು.”

ಭಾವ ಮೇಜಿನಿಂದ ಇಳಿದು, ಕೊಡೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಮನೆಗೆ ತರುತ್ತಾರೆಂದು ನಾನು ಎಣಿಸಿದೆ. ಅವರು ಬೂಟು, ಫ್ಲಾಸ್ಕು, ಪಾದರಕ್ಷೆಗಳ ಜೊತೆ ಅದನ್ನೂ ಒಳಗೆ ಕೊಂಡುಹೋಗಿ ಹಲಗೆಯ ಮೇಲಿಟ್ಟು ಬೀಗ ಹಾಕಿ ಬಂದರು. ಹಿಂದೆ ಸಾಹೇಬರ ಖಾರದ ಭಾಷಣ ಶುರುವಾಗಿತ್ತು. ನಾವು ಅದನ್ನು ಕೇಳಲು ನಿಲ್ಲದೆ ಮನೆಗೆ ನಡೆದೆವು. ದಾರಿಯಲ್ಲಿ ನಾನು ಬೇಡಿಕೊಂಡೆ.

“ಭಾವ, ನೀವು ಹೇಳೋ ಮೊದಲೇ ಅದು ನನ್ನ ಕೈಯಲ್ಲಿತ್ತು. ನಾನು ಸುಳ್ಳು ಹೇಳೋನಾ?”

“ನೀವು ದೇವರಂಥ ಮನುಷ್ಯ. ನಿಮಗೆ ಅಭ್ಯಾಸ ಇಲ್ಲ, ಅದಕ್ಕೇ ಧ್ವನಿ ನಡುಗಿತು.” ಅವರು ನನ್ನ ಭುಜದ ಮೇಲೆ ಕೈಯಿಟ್ಟರು. “ಮೊದಲಿನವೆಲ್ಲ ಸರಿ ಬಂತು ಭಾವ. ನೀವೇ ಕೇಳಿದ್ರಲ್ಲ ಚಪ್ಪಾಳೆ. ಹೂಜಿ, ಹಾರ್ಮೋನಿಯಂ, ಎಲ್ಲ. ಅವು ಯಾರ ವಸ್ತುವೋ ಏನೋ. ಅವಳದೇ ಒಂದು ಕೇಳಿದಾಗ ಮಾತ್ರ ಬರಲಿಲ್ಲ.”

ಬಂದದ್ದು ಅದೊಂದೇ ಎಂದು ಹೇಳಬೇಕಾದರೆ ಉಳಿದದ್ದು ಯಾವುದೂ, ಯಾವ ವರ್ಷವೂ ಬಂದಿರಲಿಲ್ಲವೆಂದು ಹೇಳಬೇಕಾಗುತ್ತಿತ್ತು.

ಆ ದಿನ ನನ್ನ ತಂಗಿ ಇದ್ದಾಳೆಂದು ನನಗೆ ಖಚಿತವಾಯಿತು. ಇಲ್ಲವೆಂದು ಅವರಿಗೆ ಖಚಿತವಾಯಿತು. ಇಬ್ಬರೂ ಒಂದೇ ಅಡುಗೆಮನೆಗೆ ಬಂದೆವು. ಭಾವ ಬಾಗಿಲಲ್ಲಿ ನಿಲ್ಲಲಿಲ್ಲ, ಯಾರನ್ನೂ ಏನನ್ನೂ ಕೇಳಲಿಲ್ಲ. ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿ, ಬೆರಳದ್ದಿ, ನಾಲಗೆಗೆ ಮುಟ್ಟಿಸಿ, ಉಪ್ಪು ಯಾವುದೆಂದು ಕಂಡುಹಿಡಿದರು. ಊಟ ಸರಿಯಾಗಿತ್ತು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಮಾರನೆಯ ದಿನ ನಾನು ಡಿಪೋಗೆ ಹೋದೆ. ಕೌಂಟರಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಭಾವ ತಲೆಯೆತ್ತಿ ನೋಡಿ, ಗುರುತು ಹತ್ತದವರಂತೆ ಕೇಳಿದರು. ಕುರ್ಚಿಯಲ್ಲಿ ಕುಳಿತಾಗ ಅವರು ಹಾಗೆಯೇ.

“ಏನು ಕಳೆದಿದೆ?”

“ಒಂದು ಕೊಡೆ.”

“ಗುರುತು ಹೇಳಿ.”

“ಹಿಡಿಗೆ ಕೆಂಪು ದಾರ ಸುತ್ತಿದೆ.”

ಅವರು ಎದ್ದು ಹೋಗಿ ಕೊಡೆಯನ್ನು ತಂದರು. ಕಿಟಕಿಯ ಕಟ್ಟೆಯ ಮೇಲಿಟ್ಟು, ಹೆಬ್ಬೆರಳಿನಿಂದ ದಾರವನ್ನು ಒಮ್ಮೆ ಸವರಿದರು.

“ಗುರುತು ಸರಿಯಾಗಿದೆ. ನಿಮ್ಮದಾ?”

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಿಂದಿನ ದಿನ ಒಂದು ಷೆಡ್ಡಿನ ತುಂಬ ಜನರ ಮುಂದೆ ಅಷ್ಟು ಸುಳ್ಳಾಡಿದವನಿಗೆ, ಅಂದು ಆ ಸಣ್ಣ ಕಿಟಕಿಯ ಮುಂದೆ ಒಂದೂ ಬರಲಿಲ್ಲ.

“ಅಲ್ಲ” ಎಂದೆ. “ನನ್ನ ತಂಗಿ ಕೇಳಬೇಕಾಗಿತ್ತು.”

“ಯಜಮಾನ್ರೇ, ಸ್ವಲ್ಪ ಬೇಗ ಮುಗಿಸಿ, ನನ್ನ ಊಟದ ಡಬ್ಬ ಹಳಸಿಹೋಗತ್ತೆ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಭಾವ ಕೊಡೆಯ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದರು.

“ಹಾಗಾದ್ರೆ ಆಕೆನೇ ಬರಲಿ ಭಾವ. ಬಂದು ಕೇಳ್ತೀನಿ ಅಂದಿದ್ದಳಲ್ಲ.”

ಅದನ್ನು ಅವರು ಹಲಗೆಯ ಮೇಲಕ್ಕೆ ಒಯ್ಯಲಿಲ್ಲ. ಕಿಟಕಿಯ ಪಕ್ಕದಲ್ಲಿ, ತಮ್ಮ ಚೀಲವನ್ನು ತೂಗುಹಾಕುತ್ತಿದ್ದ ಮೊಳೆಗೆ ಸಿಕ್ಕಿಸಿದರು. ಯಾರಾದರೂ ಬಂದು ಕೇಳಿದರೆ ಹುಡುಕಾಡದೆ ಕೈ ಚಾಚಿ ಕೊಡಬಹುದಾದ ಜಾಗ ಆ ಕೌಂಟರಿನಲ್ಲಿ ಅದೊಂದೇ ಇತ್ತು.